ಅಗತ್ತಿ ರೀಫಿನಲ್ಲಿ ಕಪ್ಪು-ನೀಲಿ-ಹಳದಿ ಸೀ ಸ್ಲಗ್: ಚಿತ್ರದಲ್ಲಿರುವ ಎರಡೂ ಫಿಲಿಡಿಯಾ ವಾರಿಕೋಸಾನೇ?

ಕಡಲಂಚು ಕೇಳಿದ್ದು:

ಲಕ್ಷದ್ವೀಪದ ಅಗತ್ತಿಯಲ್ಲಿ, ಲಗೂನಿನ ಹೊರಗಿನ ರೀಫ್ (ಹವಳದ ದಿಬ್ಬ) ಇಳಿಜಾರಿನಲ್ಲಿ ತೆಗೆದ ಎರಡು ಚಿತ್ರ ಹಾಕಿದ್ದೇನೆ.

ಮೊದಲನೆಯದು 11 ಮೀಟರ್ ಆಳದ್ದು. ಪ್ರಾಣಿಯ ಉದ್ದ ಸುಮಾರು 70 ಮಿ.ಮೀ. ಕಪ್ಪು ಮೈ, ತಲೆಯಿಂದ ಹಿಂದಕ್ಕೆ ಉದ್ದುದ್ದ ಓಡುವ ಬೂದುನೀಲಿ ಏಣುಗಳು, ಏಣಿನ ಮೇಲೆ ಸಾಲಾಗಿ ಹಳದಿ ತುದಿಯ ಗಂಟುಗಳು, ಮುಂದೆ ಎರಡು ಹಳದಿ ಕೊಂಬು. ಹಾಡುಹಗಲಲ್ಲೇ ಬಂಡೆಯ ಮೇಲೆ ಬಯಲಲ್ಲಿ ಕೂತಿತ್ತು. ಎರಡನೆಯದು 14 ಮೀಟರ್ ಆಳದಲ್ಲಿ, ಸುಮಾರು 40 ಮಿ.ಮೀ. ಬಣ್ಣ ಹೆಚ್ಚುಕಡಿಮೆ ಅದೇ, ಆದರೆ ಕೊಂಬು ಕಾಣುತ್ತಿಲ್ಲ. ಒಳಗೆ ಎಳೆದುಕೊಂಡಿದೆಯೋ ಏನೋ.

ಎರಡೂ ಫಿಲಿಡಿಯಾ ವಾರಿಕೋಸಾ ಎಂದು ದಾಖಲಿಸಬಹುದೇ, ಅಥವಾ ಒಂದು ಫಿಲಿಡಿಯಾ ಸೆಲೆಸ್ಟಿಸ್ ಇರಬಹುದೇ? ಫಿಲಿಡಿಯಾ ಸೇರುವ ಸೀ ಸ್ಲಗ್ ಗುಂಪು ನುಡಿಬ್ರಾಂಕ್; ನುಡಿಬ್ರಾಂಕ್ ಅಂದರೆ ಬೆನ್ನ ಹಿಂಭಾಗದಲ್ಲಿ ಕಿವಿರಿನ ಕುಚ್ಚು ಇರಬೇಕಲ್ಲ, ಇದರಲ್ಲಿ ಅದೂ ಇಲ್ಲ. ಇನ್ನೊಂದು, ತುಸು ತುರ್ತಿನದು: ಬೆಂಗಳೂರಿನ ಸ್ನೇಹಿತರೊಬ್ಬರು ಮೊದಲ ಚಿತ್ರದಂಥದ್ದೇ ಒಂದನ್ನು ಅಂಗಡಿಯಿಂದ ತಂದು 200 ಲೀಟರಿನ ರೀಫ್ ಟ್ಯಾಂಕಿಗೆ ಬಿಟ್ಟಿದ್ದಾರೆ. ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್ ಮೀನು, ಎರಡು ಕ್ಲೀನರ್ ಸಿಗಡಿ ಇವೆ. ಅದಕ್ಕೆ ತಿನ್ನಲು ಏನು ಕೊಡಬೇಕು ಎಂದು ಕೇಳುತ್ತಿದ್ದಾರೆ.

---

ಹವಳದಿಬ್ಬ ಉತ್ತರ:

ಮೊದಲನೆಯದು ಫಿಲಿಡಿಯಾ ವಾರಿಕೋಸಾ ಎನ್ನಲು ಅಡ್ಡಿಯಿಲ್ಲ. ಎರಡನೆಯದು ವಾರಿಕೋಸಾ ಅಲ್ಲ, ಸೆಲೆಸ್ಟಿಸ್ಸೂ ಅಲ್ಲ. ಸೀ ಸ್ಲಗ್ಗೇ ಅಲ್ಲ.

ಮೊದಲನೆಯದರ ವಿಷಯ. ಲಾಮಾರ್ಕ್ 1801ರಲ್ಲಿ ಹೆಸರಿಟ್ಟ ಪ್ರಭೇದ ಇದು. ಹಿಂದೂ ಮಹಾಸಾಗರದಿಂದ ಪಶ್ಚಿಮ ಹಾಗೂ ಮಧ್ಯ ಪೆಸಿಫಿಕ್‌ವರೆಗೆ ಬೆಚ್ಚಗಿನ ನೀರಿನ ಹವಳದ ದಿಬ್ಬಗಳಲ್ಲೆಲ್ಲ ಸಿಗುತ್ತದೆ. ನಮ್ಮಲ್ಲಿ ಲಕ್ಷದ್ವೀಪ, ಅಂಡಮಾನ್ ಎರಡೂ ಕಡೆ ಇದೆ. 115 ಮಿ.ಮೀ. ತನಕ ಬೆಳೆಯುತ್ತದೆ, ಹಾಗಾಗಿ ನಿಮ್ಮ 70 ಮಿ.ಮೀ. ಸಹಜ ಗಾತ್ರ. ಏಣುಗಳು ಮೂರರಿಂದ ಆರು. ಏಣು ಮತ್ತು ಗಂಟಿನ ಬುಡ ಬೂದುನೀಲಿ, ಗಂಟಿನ ತುದಿ ಮಾತ್ರ ಹಳದಿ. ಕೊಂಬುಗಳು, ಅಂದರೆ ವಾಸನೆ ಹಿಡಿಯುವ ರೈನೋಫೋರ್‌ಗಳು, ಪೂರ್ತಿ ಹಳದಿ. ಇಲ್ಲಿಗೆ ಒಂದು ಸೋದರ ಗುಂಪು ಕೈಬಿಟ್ಟಂತಾಯಿತು: ಕಪ್ಪು ಮೈಮೇಲೆ ಗುಲಾಬಿ ಗಂಟುಗಳಿರುವ ಫಿಲಿಡಿಯೆಲ್ಲಾ ಪಸ್ಟುಲೋಸಾಕ್ಕೆ ಕೊಂಬು ಕಪ್ಪಗಿರುತ್ತದೆ.

ಸೆಲೆಸ್ಟಿಸ್‌ನಿಂದ ಬೇರ್ಪಡಿಸಬೇಕಾದರೆ ಹೊಟ್ಟೆಯ ಅಡಿ ನೋಡಬೇಕು. ವಾರಿಕೋಸಾದ ಪಾದದ ತಳದಲ್ಲಿ ಉದ್ದಕ್ಕೂ ಒಂದು ಕಪ್ಪು ಗೆರೆ ಇರುತ್ತದೆ. ಸೆಲೆಸ್ಟಿಸ್‌ಗೆ ಆ ಗೆರೆ ಇಲ್ಲ. ಬೆನ್ನ ಮೇಲಿನ ಏಣಿನ ಲೆಕ್ಕ ಅಷ್ಟು ನಂಬಿಕೆಗೆ ಅರ್ಹವಲ್ಲ, ಯಾಕೆಂದರೆ ಮರಿಯಲ್ಲಿ ಕಡಿಮೆ ಇದ್ದದ್ದು ಬೆಳೆದಂತೆ ಕವಲಾಗಿ, ತುಂಡಾಗಿ ಹೆಚ್ಚುತ್ತದೆ. ನಿಮ್ಮ ಚಿತ್ರದಲ್ಲಿ ಸ್ಲಗ್ಗಿನ ಮುಂಭಾಗ ಬಂಡೆಯ ಅಂಚಿನಿಂದ ತುಸು ಎದ್ದಿದೆ. ದೊಡ್ಡದು ಮಾಡಿ ನೋಡಿ, ಪಾದದ ನಡುವೆ ಕಪ್ಪು ಗೆರೆ ಶುರುವಾಗುವುದು ಕಾಣುತ್ತದೆ.

ಕಿವಿರು ಇಲ್ಲದಿಲ್ಲ. ಈ ಕುಟುಂಬದಲ್ಲಿ ಅದು ಬೆನ್ನ ಮೇಲಿಲ್ಲ, ಅಷ್ಟೇ. ಮೇಲ್ಹೊದಿಕೆಯ ಅಂಚಿನ ಕೆಳಗೆ, ಪಾದದ ಎರಡೂ ಬದಿಗೆ, ತೆಳು ಎಲೆಗಳಂಥ ಪದರಗಳು ಸಾಲಾಗಿ ಜೋತಿರುತ್ತವೆ. ಬೆನ್ನ ಹಿಂಭಾಗದಲ್ಲಿ ಒಂದು ಸಣ್ಣ ಗುಬುಟಿನ ಮೇಲೆ ತೂತು ಕಾಣುತ್ತದಲ್ಲ, ಅದು ಗುದದ್ವಾರ. ಕುಚ್ಚನ್ನು ಒಳಗೆಳೆದುಕೊಂಡಿದೆ ಎಂದುಕೊಂಡು ಬೆನ್ನ ಮೇಲೆ ಕುಚ್ಚಿರುವ ಡೋರಿಸ್‌ಗಳ ಗುಂಪಿಗೆ ಸೇರಿಸುವವರು ಈ ತೂತನ್ನೇ ತಪ್ಪಾಗಿ ಓದುವುದು.

ಈಗ ಎರಡನೆಯದು. ಕೊಂಬು ಒಳಗೆಳೆದುಕೊಂಡರೂ ಅದು ಹೋಗುವ ಎರಡು ಕುಣಿಗಳು ಉಳಿದಿರಲೇಬೇಕು. ನಿಮ್ಮ ಚಿತ್ರದಲ್ಲಿ ಕುಣಿ ಇಲ್ಲ. ಮೈ ದುಂಡಗಿದೆ, ಫಿಲಿಡಿಯಾಕ್ಕೆ ಸುತ್ತಲೂ ಚಪ್ಪಟೆ ಅಂಚು ಇರುತ್ತದೆ. ಹಳದಿ ಇರುವುದು ಗಂಟಿನ ತುದಿಯಲ್ಲಲ್ಲ, ಮೆತ್ತನೆಯ ಮೊನೆಗಳಲ್ಲಿ. ಇದು ಕಡಲ ಸೌತೆ, ಪಿಯರ್ಸನೋಥೂರಿಯಾ ಗ್ರೇಫೈ ಎಂಬುದರ ಮರಿ. ವಿಷವಿರುವ ಫಿಲಿಡಿಯಾದ ವೇಷ ಹಾಕಿ ಮೀನುಗಳಿಂದ ಬಚಾವಾಗುವ ಪ್ರಾಣಿ. ದೊಡ್ಡದಾದ ಮೇಲೆ ಈ ವೇಷ ಕಳಚಿಹೋಗುತ್ತದೆ. ಮೊಳದುದ್ದದ, ಕಂದು ಮಚ್ಚೆಯ, ಬಾಯಿಯ ಸುತ್ತ ಬಿಳಿ ಅಂಚಿನ ಕಪ್ಪು ಎಸಳುಗಳಿರುವ ಕಡಲ ಸೌತೆ ಅದೇ ರೀಫಿನಲ್ಲಿ ಕಂಡಿದ್ದರೆ ಅದೇ ಇದರ ದೊಡ್ಡ ರೂಪ.

ಚಿತ್ರದ ಕೆಳ ಅಂಚಿನಲ್ಲಿ ಸಣ್ಣ ಕೊಳವೆ ಕಾಲುಗಳು ಇವೆಯೇ ನೋಡಿ ಹೇಳಿ. ಸ್ಲಗ್ಗಿಗೆ ಒಂದೇ ಅಗಲ ಪಾದ, ಕಾಲುಗಳಿರುವುದಿಲ್ಲ.

---

ಸ್ಪಂಜುಸಾಲು ಉತ್ತರ:

ಹವಳದಿಬ್ಬ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಪಾದದ ಕಪ್ಪು ಗೆರೆ ಸೆಲೆಸ್ಟಿಸ್ಸನ್ನು ಹೊರಗಿಡುತ್ತದೆ, ಆದರೆ ಅದೊಂದನ್ನೇ ಹಿಡಿದು ವಾರಿಕೋಸಾ ಎನ್ನಲಾಗದು. ಫಿಲಿಡಿಯಾ ಎಲೆಗನ್ಸ್‌ಗೂ ಪಾದದಲ್ಲಿ ಕಪ್ಪು ಗೆರೆ ಇದೆ. ಅದರ ಬೆನ್ನಲ್ಲಿ ಮಾತ್ರ ಈ ಉದ್ದ ನೀಲಿ ಏಣು ಹೀಗೆ ಎದ್ದು ಕಾಣುವುದಿಲ್ಲ, ಮೈ ಗುಲಾಬಿ ಛಾಯೆಗೆ ತಿರುಗಿರುತ್ತದೆ. ಹಾಗಾಗಿ ಬೆನ್ನು, ಕೊಂಬು, ಪಾದ ಮೂರನ್ನೂ ಒಟ್ಟಿಗೆ ಓದಬೇಕು. ಇನ್ನೊಂದು ಬಲೆ: ಕೆಲವು ಫಿಲಿಡಿಯಾಗಳಲ್ಲಿ ಗುದದ್ವಾರ ಬೆನ್ನ ಮೇಲಿರದೆ ಹಿಂದೆ, ಹೊದಿಕೆಯ ಕೆಳಗೆ ಇರುತ್ತದೆ. ಹಿಂದೆ ಅವನ್ನು ಫ್ರೈಯೇರಿಯಾ ಎಂದು ಬೇರೆ ಕುಲವಾಗಿ ಇಟ್ಟಿದ್ದರು. ಡೇವಿಡ್ ಬ್ರನ್ಕ್‌ಹಾರ್ಸ್ಟ್ 1993ರಲ್ಲಿ ಇಂಡೋ-ಪೆಸಿಫಿಕ್‌ನ ಇಡೀ ಕುಟುಂಬವನ್ನು ಪರಿಷ್ಕರಿಸುವ ಮೊದಲಿನ ಹೆಸರುಗಳನ್ನು ಹಳೆಯ ಪಟ್ಟಿಗಳಲ್ಲಿ ಕಂಡರೆ ಹಾಗೇ ನಕಲು ಮಾಡಿಕೊಳ್ಳಬೇಡಿ.

ತಿನ್ನುವ ಪ್ರಶ್ನೆಗೆ ಬರೋಣ, ಯಾಕೆಂದರೆ ಟ್ಯಾಂಕಿನ ಗತಿ ಅದರಲ್ಲೇ ಅಡಗಿದೆ.

ಬಸವನಹುಳುವಿನ ಬಳಗದ ಬಹುತೇಕ ಪ್ರಾಣಿಗಳಿಗೆ ಆಹಾರ ಕೆರೆದು ತಿನ್ನಲು ಹಲ್ಲಿನ ಪಟ್ಟಿ, ಅಂದರೆ ರಾಡ್ಯುಲಾ ಇರುತ್ತದೆ. ಫಿಲಿಡಿಯಾಕ್ಕೆ ಅದಿಲ್ಲ. ಬಾಯಿಯ ಕೊಳವೆಯನ್ನು ಸ್ಪಂಜಿನ (ಬಂಡೆಗೆ ಅಂಟಿ ಬೆಳೆಯುವ ಸರಳ ಕಡಲಪ್ರಾಣಿ) ಮೇಲೆ ಒತ್ತಿ, ಜೀರ್ಣರಸ ಬಿಟ್ಟು, ಸ್ಪಂಜಿನ ಮಾಂಸ ಕರಗಿದ ಮೇಲೆ ಹೀರಿಕೊಳ್ಳುತ್ತದೆ. ಅದೂ ಯಾವುದೋ ಸ್ಪಂಜಲ್ಲ. ಈ ಕುಟುಂಬ ಮೇಯುವುದು ಆಕ್ಸಿನಿಸ್ಸಾ, ಅಕಾಂತೆಲ್ಲಾ, ಹ್ಯಾಲಿಕೋಂಡ್ರಿಯಾದಂಥ ಕೆಲವೇ ಸ್ಪಂಜುಗಳನ್ನು. ಅವುಗಳ ಮೈಯಲ್ಲಿ ಐಸೊಸಯನೈಡ್ ಗುಂಪು ಹೊತ್ತ ಟರ್ಪೀನ್ ಎಂಬ ವಿಷದ ಸಾವಯವ ವಸ್ತುಗಳಿರುತ್ತವೆ. ಸ್ಲಗ್ಗು ಅದನ್ನು ಅರಗಿಸಿ ಹೊರಹಾಕುವುದಿಲ್ಲ, ತನ್ನ ಹೊದಿಕೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕೆಣಕಿದರೆ ಲೋಳೆಯ ಜೊತೆ ಹೊರಬಿಡುತ್ತದೆ.

ಇದು ಗೊತ್ತಾದದ್ದು ಹವಾಯಿಯಲ್ಲಿ, ಇದೇ ವಾರಿಕೋಸಾದಿಂದ. ರಾಬರ್ಟ್ ಜೊಹಾನೆಸ್ 1963ರಲ್ಲಿ, ಈ ಸ್ಲಗ್ಗಿನ ಜೊತೆ ಒಂದೇ ಪಾತ್ರೆಯಲ್ಲಿಟ್ಟ ಮೀನು, ಸಿಗಡಿ-ಏಡಿ ಬಳಗದ ಪ್ರಾಣಿಗಳು ಸಾಯುವುದನ್ನೂ ಆ ಲೋಳೆಗೆ ಒಂದು ವಿಚಿತ್ರವಾದ ಗಾಢ ವಾಸನೆ ಇರುವುದನ್ನೂ ವರದಿ ಮಾಡಿದರು. 1975ರಲ್ಲಿ ಪಾಲ್ ಶೋಯರ್ ಅವರ ತಂಡ ಆ ವಿಷವನ್ನು ಬೇರ್ಪಡಿಸಿತು. ಓವಾಹು ದ್ವೀಪದ ಪೂಪೂಕೇಯಾ ತೀರದ ಹೆಸರಿನಿಂದ ಅದು 9-ಐಸೊಸಯನೊಪೂಪೂಕಿಯನೇನ್ ಆಯಿತು. ಸ್ಲಗ್ಗು ಮೇಯುತ್ತಿದ್ದ ಸ್ಪಂಜಿನಲ್ಲೂ ಅದೇ ವಸ್ತು ಸಿಕ್ಕಿದ್ದೇ ಇಲ್ಲಿ ನಿರ್ಣಾಯಕ ಸಾಕ್ಷಿ. ಮುಂದೆ ಜಪಾನಿನಲ್ಲಿ ಇದೇ ಕುಟುಂಬದ ಐಸೊಸಯನೈಡ್‌ಗಳು ಬಾರ್ನಕಲ್ (ಬಂಡೆ, ಹಡಗಿಗೆ ಅಂಟುವ ಚಿಪ್ಪಿನ ಜೀವಿ) ಲಾರ್ವಾಗಳು, ಅಂದರೆ ಮರಿಗಳು, ಅಂಟಿಕೂರುವುದನ್ನು ತಡೆಯುತ್ತವೆ ಎಂದೂ ಕಂಡುಬಂತು; ಹಡಗಿನ ತಳಕ್ಕೆ ಬಳಿಯುವ ಬಣ್ಣದ ದೃಷ್ಟಿಯಿಂದ ಅದರ ಮೇಲೆ ಕೆಲಸ ನಡೆಯಿತು.

ಹಾಡುಹಗಲಲ್ಲಿ ಬಯಲಲ್ಲಿ ಕೂರುವ ಧೈರ್ಯ ಬಂದದ್ದು ಇಲ್ಲಿಂದ. ವಿಷದ ಜೊತೆಗೆ ಹೊದಿಕೆಯೊಳಗೆ ಸುಣ್ಣದ ಸೂಜಿಗಳೂ ಒತ್ತಾಗಿ ತುಂಬಿರುವುದರಿಂದ ಮೈ ಗಡುಸು. ಒಮ್ಮೆ ಬಾಯಿ ಹಾಕಿದ ಮೀನು ಆ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ. ಕಡಲ ಸೌತೆಯ ಮರಿ ಪುಕ್ಕಟೆ ಲಾಭ ಪಡೆಯುವುದೂ ಅದೇ ನೆನಪಿನಿಂದ. ಚಪ್ಪಟೆ ಹುಳುಗಳಲ್ಲೂ ಈ ನಕಲು ಇದೆ: 1994ರಲ್ಲಿ ವಿವರಿಸಿದ ಸ್ಯೂಡೋಸೆರೋಸ್ ಇಮಿಟೇಟಸ್ ಗುಲಾಬಿ ಗಂಟಿನ ಫಿಲಿಡಿಯೆಲ್ಲಾದ ಪ್ರತಿರೂಪ, ಗಂಟುಗಳ ಸಮೇತ. ಹುಳುವಿನ ಮೈ ಕಾಗದದಷ್ಟು ತೆಳು, ಅಂಚು ಅಲೆಯಾಡುತ್ತದೆ, ಸರಸರ ಜಾರುತ್ತದೆ. ಫಿಲಿಡಿಯಾಕ್ಕೆ ಅವಸರವೆಂಬುದೇ ಇಲ್ಲ.

---

ಉಪ್ಪುನೀರು ಉತ್ತರ:

ಟ್ಯಾಂಕಿನ ಬಗ್ಗೆ ನೇರವಾಗಿ ಹೇಳುತ್ತೇನೆ: ತಿನ್ನಲು ಕೊಡುವಂಥದ್ದು ಏನೂ ಇಲ್ಲ, ಇವತ್ತೇ ಹೊರಗೆ ತೆಗೆಯಿರಿ. ಪೆಲೆಟ್, ಪಾಚಿ, ಬಟಾಣಿ, ಹೆಪ್ಪುಗಟ್ಟಿಸಿದ ಮೈಸಿಸ್ ಸಿಗಡಿ ಯಾವುದನ್ನೂ ಅದು ಮುಟ್ಟದು. ಟ್ಯಾಂಕಿನ ಕಲ್ಲಿನಲ್ಲಿ ತಾನಾಗಿ ಬೆಳೆಯುವ ಸಣ್ಣ ಬಿಳಿ, ಹಳದಿ ಸ್ಪಂಜುಗಳು ಅದರ ಮೇವಲ್ಲ. ಮೇವಿನ ಸ್ಪಂಜನ್ನೇ ಕಡಲಿನಿಂದ ತರಿಸುವ ಯೋಚನೆಯೂ ಬೇಡ: ನೀರಿನಿಂದ ಮೇಲೆತ್ತಿದ ಕ್ಷಣ ಸ್ಪಂಜಿನ ನಾಳಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಒಳಗಿನಿಂದ ಕೊಳೆಯತೊಡಗುತ್ತದೆ, ಅಮೋನಿಯಾ ಏರುತ್ತದೆ. ಸ್ಲಗ್ಗು ಮಾತ್ರ ತನ್ನ ಮೈಯನ್ನೇ ಕರಗಿಸಿಕೊಂಡು, ದಿನದಿನಕ್ಕೆ ಕುಗ್ಗುತ್ತಾ ಇರುತ್ತದೆ. ಓಡಾಡುತ್ತಿದೆ ಅಂದಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ಸತ್ತದ್ದು ಕಲ್ಲಿನ ಸಂದಿಯಲ್ಲಾದರೆ, ಅಥವಾ ಪಂಪಿನ ಬಾಯಿಗೆ ಸಿಕ್ಕರೆ, ಕೂಡಿಟ್ಟ ವಿಷವೆಲ್ಲ 200 ಲೀಟರಿನಲ್ಲಿ. ಕಡಲಿನಲ್ಲಿ ಅಲೆ ಕೊಚ್ಚಿಕೊಂಡು ಹೋಗುವ ಲೋಳೆ ಇಲ್ಲಿ ಸುತ್ತಿ ಸುತ್ತಿ ಅಲ್ಲೇ ಇರುತ್ತದೆ.

ತೆಗೆಯುವ ಕ್ರಮ. ಮೊದಲು ಪಂಪು, ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ಕಲಕುವ ಪಂಪು) ಎಲ್ಲ ಆಫ್ ಮಾಡಿ. ಗಾಬರಿಯಲ್ಲಿ ಲೋಳೆ ಬಿಟ್ಟರೂ ಇಡೀ ಟ್ಯಾಂಕಿಗೆ ಹರಡಬಾರದು. ಸುಮಾರು 2 ಲೀಟರಿನ ಮುಚ್ಚಳದ ಡಬ್ಬಿಯನ್ನು ಟ್ಯಾಂಕಿನ ನೀರಿನೊಳಗೇ ಮುಳುಗಿಸಿ. ಸ್ಲಗ್ಗು ಸಣ್ಣ ಕಲ್ಲಿನ ಮೇಲಿದ್ದರೆ ಕಲ್ಲಿನ ಸಮೇತ ಒಳಗಿಡಿ. ಗಾಜಿಗೆ ಅಂಟಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ಕಾರ್ಡನ್ನು ಪಾದದ ಹಿಂದಿನಿಂದ ನಿಧಾನ ಜಾರಿಸಿ, ಕೆಳಗೆ ಹಿಡಿದ ಡಬ್ಬಿಗೆ ಬೀಳುವಂತೆ ಮಾಡಿ. ಬೆರಳಲ್ಲಿ ಹಿಂಡಿ ಎಳೆಯಬೇಡಿ, ಬಲೆಯಲ್ಲಿ ಹಿಡಿಯಬೇಡಿ. ಲೋಳೆ ಬಿಡಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ನೀರಿನೊಳಗೇ ಮುಚ್ಚಳ ಹಾಕಿ ಮೇಲೆತ್ತಿ. ಆ ಡಬ್ಬಿಯ ನೀರು ಒಂದು ಹನಿಯೂ ಟ್ಯಾಂಕಿಗೆ ವಾಪಸ್ ಹೋಗಬಾರದು. ಗ್ಲೌಸ್ ಇರಲಿ. ಇದಕ್ಕೆ ಕುಟುಕುವ ಕೋಶಗಳೇನೂ ಇಲ್ಲ, ಆದರೆ ಲೋಳೆ ಮೆತ್ತಿದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬಾರದು.

ಮೀನು ಈಗಾಗಲೇ ಬೇಗಬೇಗ ಕಿವಿರು ಬಡಿಯುತ್ತಿದ್ದರೆ, ಮೇಲ್ಮೈಗೆ ಬಂದು ನಿಂತಿದ್ದರೆ, ಸಿಗಡಿ ಪಕ್ಕಕ್ಕೆ ಒರಗಿದ್ದರೆ ವಿಷ ನೀರಿಗೆ ಬಂದಿದೆ ಎಂದೇ ಹಿಡಿಯಿರಿ. ಮೊದಲು ಪ್ರಾಣಿಗಳನ್ನು ಬೇರೆ ಉಪ್ಪುನೀರಿಗೆ ಹಾಕಿ ಏರ್ ಸ್ಟೋನ್ ಬಿಡಿ. ಟ್ಯಾಂಕಿಗೆ 200 ಗ್ರಾಂ ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್, ಆರ್‌ಒ ನೀರಲ್ಲಿ ಕರಿ ಪುಡಿ ಹೋಗುವವರೆಗೆ ತೊಳೆದು, ಬಲೆಚೀಲದಲ್ಲಿ ಹಾಕಿ, ನೀರು ಅದರ ಮೂಲಕವೇ ಹರಿಯುವ ಜಾಗದಲ್ಲಿಡಿ. ಸಂಪಿನ (ಟ್ಯಾಂಕಿನ ಫಿಲ್ಟರ್ ತೊಟ್ಟಿಯ) ಮೂಲೆಗೆ ಎಸೆದ ಚೀಲದಿಂದ ಉಪಯೋಗವಿಲ್ಲ, ನೀರು ಸುತ್ತಿಕೊಂಡು ಹೋಗಿಬಿಡುತ್ತದೆ. 24 ಗಂಟೆಯ ನಂತರ ಆ ಕಾರ್ಬನ್ ಎಸೆದು ಹೊಸದು ಹಾಕಿ. ಈ ವಿಷ ಎಣ್ಣೆಯ ಗುಣದ ಸಾವಯವ ವಸ್ತು, ಕಾರ್ಬನ್ ಅದನ್ನು ಹಿಡಿದುಕೊಳ್ಳುತ್ತದೆ. ನೀರು ಬದಲಿಸುವುದರಿಂದ ಬರೀ ತೆಳುವಾಗುತ್ತದೆ. ಅರ್ಧ ನೀರು ಒಮ್ಮೆ ಬದಲಿಸಿದರೆ ಅರ್ಧ ವಿಷ ಉಳಿಯಿತು, ಎರಡು ಸಲ ಬದಲಿಸಿದರೆ ಕಾಲು ಭಾಗ. ಹಾಗಾಗಿ ಎರಡೂ ಬೇಕು.

ಬದಲಿಸುವ ನೀರಿನಲ್ಲಿ ಎಡವುವವರೇ ಹೆಚ್ಚು. 100 ಲೀಟರ್ ಆರ್‌ಒ ನೀರಿಗೆ ಸುಮಾರು 3.6ರಿಂದ 3.8 ಕೆ.ಜಿ. ರೀಫ್ ಉಪ್ಪು, ಸಾಂದ್ರತೆ 1.025, ಉಷ್ಣತೆ ಟ್ಯಾಂಕಿನದ್ದೇ, ಒಂದು ಡಿಗ್ರಿ ಆಚೀಚೆ. ಪವರ್‌ಹೆಡ್ ಹಾಕಿ ರಾತ್ರಿಯೆಲ್ಲ ಕಲೆಯಲು ಬಿಡಬೇಕು. ಆಗಷ್ಟೇ ಕಲಸಿದ ನೀರು ಸುರಿದರೆ ವಿಷದಿಂದ ಉಳಿದದ್ದು ನೀರಿನ ಏಟಿಗೆ ಹೋಗುತ್ತದೆ. ಇದಕ್ಕೇ ರೀಫ್ ಟ್ಯಾಂಕ್ ಇಟ್ಟವರು 100 ಲೀಟರ್ ಕಲಸಿದ ನೀರನ್ನು ಯಾವಾಗಲೂ ತಯಾರಿಟ್ಟಿರಬೇಕು ಎನ್ನುವುದು. ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಸಾಧನ) ಇದ್ದರೆ ನೊರೆ ಹೆಚ್ಚು ತೆಳ್ಳಗೆ ಬರುವಂತೆ ಹೊಂದಿಸಿ, ನೊರೆ ಸೇರುವ ಬಟ್ಟಲನ್ನು ಪದೇಪದೇ ಖಾಲಿ ಮಾಡಿ. ಯುವಿ ದೀಪದ ಮೇಲೆ ಭರವಸೆ ಇಡಬೇಡಿ.

ಹೊರತೆಗೆದದ್ದನ್ನು ಯಾವುದೋ ಬೀಚಿಗೆ ಹೋಗಿ ಬಿಟ್ಟುಬರುವುದೂ ಬೇಡ, ಅದು ಯಾವ ಕಡಲಿನದೋ, ಅದರೊಡನೆ ಏನೇನು ಬಂದಿದೆಯೋ. ಮಾರಿದವರಿಗೇ ಹಿಂದಿರುಗಿಸಿ, ಇದನ್ನು ಮತ್ತೆ ತರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿ. ಕೊಳ್ಳುವವರು ಇರುವತನಕ ಇಂಥ ಪ್ರಾಣಿಗಳು ಉಪವಾಸ ಸಾಯಲೆಂದೇ ಅಂಗಡಿಗೆ ಬರುತ್ತಿರುತ್ತವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

---

ಕಡಲಂಚು ಉತ್ತರ:

ಎಲ್ಲರಿಗೂ ಧನ್ಯವಾದ. ಸ್ನೇಹಿತರಿಗೆ ಫೋನಿನಲ್ಲೇ ಓದಿ ಹೇಳಿದೆ. ಸ್ಲಗ್ಗು ಡಬ್ಬಿಯಲ್ಲಿದೆ, ಮೀನು-ಸಿಗಡಿ ಸರಿಯಾಗಿವೆ, ಕಾರ್ಬನ್ ಓಡುತ್ತಿದೆ.

ಮೊದಲ ಚಿತ್ರದಲ್ಲಿ ಪಾದದ ಕಪ್ಪು ಗೆರೆ ಇದೆ. ಎರಡನೆಯದನ್ನು ದೊಡ್ಡದು ಮಾಡಿದರೆ ಬಲಬದಿಯಲ್ಲಿ ಬಂಡೆಗೆ ಅಂಟಿದ ಮೂರ್ನಾಲ್ಕು ಕೊಳವೆ ಕಾಲುಗಳು ಸ್ಪಷ್ಟ. ಹಾಗಾದರೆ ಮುಂದಿನ ಸಲ ಸ್ಲಗ್ಗನ್ನು ಮಗುಚದೆ ಪಾದ ತೆಗೆಯುವುದು ಹೇಗೆ? ಕಾಂಪ್ಯಾಕ್ಟ್ ಕ್ಯಾಮೆರಾ, ಒಂದು ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಇದೆ. ಹಳದಿ ತುದಿಗಳು ಬಿಳಿಚಿಕೊಂಡು ಬರುತ್ತಿವೆ, ಅದಕ್ಕೂ ಪರಿಹಾರ ಬೇಕು.

---

ಹವಳದಿಬ್ಬ ಉತ್ತರ:

ಮಗುಚುವ ಅಗತ್ಯ ಬೀಳುವುದೇ ಕಡಿಮೆ. ಫಿಲಿಡಿಯಾ ಬಂಡೆಯ ಅಂಚಿಗೆ ಬಂದಾಗ ಮುಂಭಾಗ ಎತ್ತಿ ಆಚೀಚೆ ತಡಕಾಡುತ್ತದೆ. ಅದು ಯಾವ ಅಂಚಿನ ಕಡೆ ಹೊರಟಿದೆ ನೋಡಿ, ಅಲ್ಲಿ ಅಂಚಿಗಿಂತ ಕೆಳಗೆ ಕ್ಯಾಮೆರಾ ಹಿಡಿದು ಕಾಯಿರಿ. ಎದ್ದ ಭಾಗದಲ್ಲಿ ಪಾದದ ಗೆರೆ, ಕಿವಿರಿನ ಎಲೆಗಳು, ಬಾಯಿಯ ಪಕ್ಕದ ಎರಡು ಮೋಟು ಸ್ಪರ್ಶಕಗಳು ಮೂರೂ ಒಂದೇ ಚಿತ್ರಕ್ಕೆ ಸಿಗುತ್ತವೆ. ಕಾಯುವಾಗ ತೇಲುವಿಕೆ ನಿಮ್ಮ ಹಿಡಿತದಲ್ಲಿರಬೇಕು. ಮೊಣಕಾಲೂರಿ ಕೂತರೆ ಸ್ಲಗ್ಗಿಗಿಂತ ಮೊದಲು ಕೆಳಗಿನ ಹವಳ ಹಾಳಾಗುತ್ತದೆ.

ಒಂದು ಪ್ರಾಣಿಗೆ ನಾಲ್ಕು ಚಿತ್ರ ಸಾಕು: ನೇರ ಮೇಲಿನಿಂದ ಪೂರ್ತಿ ಬೆನ್ನು, ಕೊಂಬಿನ ಸಮೀಪ ಚಿತ್ರ, ಹಿಂಭಾಗ ಗುದದ್ವಾರ ಕಾಣುವಂತೆ, ಸಿಕ್ಕರೆ ಪಾದ. ಸುತ್ತ ಏನಿದೆ ಎಂಬುದು ಕಾಣುವ ಒಂದು ಅಗಲ ಚಿತ್ರ ಸೇರಿಸಿದರೆ ಮೇಯುತ್ತಿದ್ದ ಸ್ಪಂಜೂ ದಾಖಲಾದೀತು. ಸ್ಪಂಜಿನ ಮಾಹಿತಿ ಇರುವ ದಾಖಲೆಗಳು ನಮ್ಮ ಕಡೆ ಬಲು ವಿರಳ, ಅದರ ಬೆಲೆ ಹೆಚ್ಚು.

ಹಳದಿ ಬಿಳಿಚುವುದು ಕ್ಯಾಮೆರಾ ಕಪ್ಪು ಮೈಯನ್ನು ಅಳೆದು ಬೆಳಕು ಹೆಚ್ಚಿಸುವುದರಿಂದ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7ಕ್ಕೆ ಇಳಿಸಿ, ಐಎಸ್‌ಒ 100-200, ಸ್ಟ್ರೋಬಿನ ಶಕ್ತಿ ಅರ್ಧಕ್ಕಿಂತ ಕೆಳಗೆ. ಸ್ಟ್ರೋಬನ್ನು ಲೆನ್ಸಿನ ನೇರಕ್ಕೆ ಇಡದೆ ಮೇಲೆ ಒಂದು ಬದಿಗೆ ಸರಿಸಿ. ಬದಿಯ ಬೆಳಕಲ್ಲಿ ಏಣು ಎದ್ದು ಕಾಣುತ್ತದೆ, ನೀರಲ್ಲಿ ತೇಲುವ ಕಣಗಳು ಚಿತ್ರದಲ್ಲಿ ಹೊಳೆಯುವುದೂ ಕಡಿಮೆಯಾಗುತ್ತದೆ. ಫೋಕಸ್ ಕೊಂಬಿನ ಮೇಲೆ. ಕೊಂಬು ಒಳಗೆಳೆದುಕೊಂಡರೆ ನೀವು ತೀರಾ ಹತ್ತಿರ ಹೋಗಿದ್ದೀರಿ ಅಥವಾ ಫಿನ್‌ನಿಂದ ನೀರು ತಳ್ಳುತ್ತಿದ್ದೀರಿ. ತುಸು ಹಿಂದೆ ಸರಿದು ನಿಂತರೆ ಮತ್ತೆ ಹೊರಬರುತ್ತದೆ.

ಎರಡನೆಯ ಪ್ರಾಣಿಯ ಬಗ್ಗೆ ಒಂದು ಎಚ್ಚರಿಕೆ. ಕಡಲ ಸೌತೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಗಿದೆ. ಸ್ಲಗ್ ಎಂದುಕೊಂಡು ಯಾರಾದರೂ ಈ ಮರಿಯನ್ನು ಹಿಡಿದು ತಂದರೆ ಅದು ಸೀದಾ ಅಪರಾಧ.

---

ಸ್ಪಂಜುಸಾಲು ಉತ್ತರ:

ಚಿತ್ರ ತೆಗೆಯುವಾಗ ಮೊಟ್ಟೆಯನ್ನೂ ಹುಡುಕಿ. ಎಲ್ಲ ನುಡಿಬ್ರಾಂಕ್‌ಗಳಂತೆ ಇದೂ ಉಭಯಲಿಂಗಿ. ಪ್ರತಿಯೊಂದರಲ್ಲೂ ಗಂಡು-ಹೆಣ್ಣು ಎರಡೂ ಅಂಗಗಳಿವೆ, ದ್ವಾರ ಬಲಬದಿಯಲ್ಲಿ ಮುಂದಕ್ಕೆ. ಎರಡು ಸ್ಲಗ್ಗುಗಳು ಒಂದರ ತಲೆ ಇನ್ನೊಂದರ ಬಾಲದ ಕಡೆಗಿರುವಂತೆ ಬಲಬದಿಗೆ ಬಲಬದಿ ತಾಗಿಸಿ ನಿಂತಿದ್ದರೆ ಅದು ಕೂಡುವಿಕೆ, ಜಗಳವಲ್ಲ. ಎರಡೂ ಮೊಟ್ಟೆಯಿಡುತ್ತವೆ. ಸುರುಳಿಯಾಗಿ ಸುತ್ತಿದ, ಕೆನೆ ಬಣ್ಣದ ಪಟ್ಟಿಯ ಒಂದು ಅಂಚು ಮಾತ್ರ ಬಂಡೆಗೆ ಅಂಟಿರುತ್ತದೆ. ಅದರಿಂದ ಹೊರಬರುವ ಲಾರ್ವಾಕ್ಕೆ ಪುಟ್ಟ ಸುರುಳಿ ಚಿಪ್ಪು ಇರುತ್ತದೆ. ಪ್ಲಾಂಕ್ಟನ್ ಜೊತೆ ತೇಲಿ, ಕೊನೆಗೆ ತಳಕ್ಕಿಳಿದು ರೂಪ ಬದಲಿಸುವಾಗ ಆ ಚಿಪ್ಪು ಉದುರುತ್ತದೆ. ಪಟ್ಟಿಯ ಪಕ್ಕದಲ್ಲೇ ಸ್ಲಗ್ಗು ಇಲ್ಲದಿದ್ದರೆ ಮೊಟ್ಟೆಗೆ ಪ್ರಭೇದದ ಹೆಸರು ಬರೆಯಬೇಡಿ, ಹತ್ತಾರು ಪ್ರಭೇದಗಳ ಪಟ್ಟಿಗಳು ಒಂದೇ ತೆರ.

ಮುರುಡೇಶ್ವರದಿಂದ ನೇತ್ರಾಣಿಗೆ ಡೈವ್ ಹೋಗುವವರೂ ಇದೇ ನಾಲ್ಕು ಚಿತ್ರದ ಪದ್ಧತಿ ಬಳಸಬಹುದು. ಮಳೆಗಾಲದಲ್ಲಿ ಡೈವಿಂಗ್ ನಿಂತಿರುತ್ತದೆ. ಅಕ್ಟೋಬರ್ ನಂತರ ನೀರು ತಿಳಿಯಾದಾಗ ಬಂಡೆಗಳ ನೆರಳು ಬದಿ, ಸ್ಪಂಜು ಹಬ್ಬಿದ ಗೋಡೆಗಳನ್ನು ನಿಧಾನ ನೋಡುತ್ತಾ ಹೋಗಿ. ಅಲ್ಲಿ ಸಿಕ್ಕ ಕಪ್ಪು-ಹಳದಿ ಸ್ಲಗ್ಗಿಗೆ ಲಕ್ಷದ್ವೀಪದ ಪಟ್ಟಿ ನೋಡಿ ಹೆಸರಿಡದೆ ಕೊಂಬಿನ ಬಣ್ಣ, ಪಾದದ ಗೆರೆ ನೋಡಿಯೇ ಇಡಿ. ಜೀವಿಗಳ ದಾಖಲೆ ಹಂಚುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವಾಗ ಆಳ, ದಿನಾಂಕ, ಉದ್ದ ತಪ್ಪದೆ ಬರೆಯಿರಿ. ಪಾದ ಕಾಣದ ಚಿತ್ರವಾದರೆ ಫಿಲಿಡಿಯಾ ಎಂದು ಕುಲದ ಮಟ್ಟಕ್ಕೆ ನಿಲ್ಲಿಸಿ.